ಆಟದಲ್ಲಿ ಅರಿವನ್ನು ಅಳೆಯಬಹುದೇ?

ಕಳೆದ ವರ್ಷದ ಪಾಲಕರ ಸಭೆಯಲ್ಲಿ ಒಬ್ಬ ತಂದೆಯವರು ಎದ್ದುನಿಂತು, "ಅಮ್ಮಾ, ನನ್ನ ಮಗಳು ಗಣಿತದ ಪಾಠದ ವೇಳೆಯಲ್ಲಿ ಕವಡೆ ಆಡಿದಳಂತೆ; ಅದಕ್ಕೆ ಅಂಕವೂ ಉಂಟಂತೆ. ಕವಡೆ ಆಡುವುದನ್ನು ಕಲಿಸುವುದಕ್ಕೆ ಮನೆಯಲ್ಲಿ ಅವಳ ಅಜ್ಜಿಯೇ ಇದ್ದಾರೆ. ಅದಕ್ಕಾಗಿ ಫೀಸು ಕೊಟ್ಟು ಶಾಲೆಗೆ ಕಳುಹಿಸಬೇಕೆ?" ಎಂದು ಕೇಳಿದರು. ಸಭೆಯಲ್ಲಿದ್ದವರೆಲ್ಲರೂ ನಕ್ಕರು, ನಾವೂ ನಕ್ಕೆವು. ಆದರೆ ಆ ಪ್ರಶ್ನೆಯು ನಗೆಯಲ್ಲಿ ತೇಲಿಹೋಗತಕ್ಕದ್ದಲ್ಲ. ಮಗಳ ವಿದ್ಯೆಗಾಗಿ ಬೆವರು ಸುರಿಸಿ ದುಡಿಯುವ ತಂದೆಗೆ, ಶಾಲೆಯವರು ಅಂಕಗಳನ್ನು ಯಾವ ಆಧಾರದ ಮೇಲೆ ಕೊಡುತ್ತಾರೆಂದು ಕೇಳುವ ಹಕ್ಕುಂಟು. ಅಂದು ಹೊತ್ತು ಸಾಲದೆ ಪೂರ್ಣವಾದ ಉತ್ತರವನ್ನು ಕೊಡಲಾಗಲಿಲ್ಲ. ಈ ಸಂಚಿಕೆಯಲ್ಲಿ ನಮಗೆ ದೊರೆತಿರುವ ಪುಟಗಳನ್ನು ಆ ಉತ್ತರಕ್ಕಾಗಿಯೇ ಉಪಯೋಗಿಸುತ್ತೇವೆ. ನಮ್ಮ ಹಳೆಯ ವಿದ್ಯಾರ್ಥಿನಿಯರೂ ಪಾಲಕರೂ ಇದನ್ನು ತಾಳ್ಮೆಯಿಂದ ಓದಬೇಕೆಂದು ಕೋರುತ್ತೇವೆ.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಗಣಿತದ ಪಠ್ಯದಲ್ಲಿ ಸಂಖ್ಯಾಶಾಸ್ತ್ರವೆಂಬ ಭಾಗವೊಂದಿದೆಯಷ್ಟೆ. ಆ ಭಾಗವನ್ನು ಹುಡುಗಿಯು ನಿಜವಾಗಿ ಗ್ರಹಿಸಿದ್ದಾಳೆಯೇ ಎಂಬುದನ್ನು ತಿಳಿಯುವುದಕ್ಕೆ ಲಿಖಿತ ಪರೀಕ್ಷೆಯೊಂದೇ ಸಾಲದು. ಸರಿಯಾಗಿ ಏರ್ಪಡಿಸಿದ ಆಟವು, ಕಾಗದದ ಮೇಲೆ ಕಾಣದಿರುವುದನ್ನು ನಮ್ಮ ಕಣ್ಣಮುಂದೆ ತಂದಿಡುತ್ತದೆ. ಆದರೆ ಆಟದಲ್ಲಿ ಗೆದ್ದವಳಿಗೆ ಅಂಕ ಕೊಟ್ಟರೆ ನಾವು ಅಳೆದದ್ದು ಅದೃಷ್ಟವನ್ನೇ ಹೊರತು ವಿದ್ಯೆಯನ್ನಲ್ಲ. ಗೆಲವನ್ನಲ್ಲ, ಕಾರಣವನ್ನು ಅಳೆಯಬೇಕು: ನಾವು ಹೇಳಬೇಕಾದದ್ದೆಲ್ಲವೂ ಈ ಒಂದು ಮಾತಿನಲ್ಲಿ ಅಡಕವಾಗಿದೆ.

ಹೆಣ್ಣುಮಕ್ಕಳಿಗೆ ಸಂಖ್ಯಾಶಾಸ್ತ್ರವೇಕೆ ಎಂದು ಈಗಲೂ ಕೆಲವರು ಕೇಳುವುದುಂಟು. ನಮ್ಮ ಶಾಲೆಯಿಂದ ಹೊರಟು ದಾದಿಯರಾಗಿ ಸೇವೆ ಸಲ್ಲಿಸುತ್ತಿರುವವರು ಈ ಪ್ರಶ್ನೆಗೆ ಒಳ್ಳೆಯ ಉತ್ತರ ಕೊಡಬಲ್ಲರು. ಅವರೆಲ್ಲರೂ ಗೌರವದಿಂದ ಸ್ಮರಿಸುವ ಫ್ಲಾರೆನ್ಸ್ ನೈಟಿಂಗೇಲ್ ಎಂಬಾಕೆ ಕೈಯಲ್ಲಿ ದೀಪ ಹಿಡಿದು ರೋಗಿಗಳ ನಡುವೆ ನಡೆದದ್ದು ಮಾತ್ರವಲ್ಲದೆ, ಕ್ರಿಮಿಯಾ ಯುದ್ಧದಲ್ಲಿ ಗಾಯಗಳಿಂದ ಸತ್ತ ಸೈನಿಕರಿಗಿಂತ ತಡೆಯಬಹುದಾಗಿದ್ದ ರೋಗಗಳಿಂದ ಸತ್ತವರೇ ಬಹು ಹೆಚ್ಚೆಂಬುದನ್ನು ಅಂಕಿಗಳಿಂದ ಲೆಕ್ಕಹಾಕಿ, ೧೮೫೮ರಲ್ಲಿ ಬಣ್ಣದ ಚಿತ್ರಪಟಗಳ ಮೂಲಕ ಸರಕಾರದವರಿಗೆ ತೋರಿಸಿಕೊಟ್ಟಳು. ನಮ್ಮ ನಾಡಿನ ಹೂವಿನ ಹಡಗಲಿಯಲ್ಲಿ ೧೯೨೦ರಲ್ಲಿ ಹುಟ್ಟಿದ ಸಿ. ಆರ್. ರಾವ್ ಅವರು ಈ ಶಾಸ್ತ್ರದಲ್ಲಿ ಲೋಕಪ್ರಸಿದ್ಧರಾಗಿ, ೨೦೨೩ರಲ್ಲಿ, ತಮ್ಮ ಜೀವಿತದ ಕೊನೆಯ ವರ್ಷದಲ್ಲಿ, ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿಯನ್ನು ಪಡೆದರು. ಔಷಧದ ಗುಣ, ಬೆಳೆಯ ಅಂದಾಜು, ಚುನಾವಣೆಯ ಸಮೀಕ್ಷೆ, ವ್ಯಾಪಾರಿಯ ಜಾಹೀರಾತು, ಇವೆಲ್ಲವೂ ಈಗ ಅಂಕಿಗಳ ಉಡುಪಿನಲ್ಲಿಯೇ ನಮ್ಮ ಬಾಗಿಲಿಗೆ ಬರುತ್ತವೆ. ಆ ಉಡುಪಿನೊಳಗೆ ಇರುವವರು ಯಾರೆಂದು ತಿಳಿಯದ ಹೆಣ್ಣುಮಗಳು ಸುಲಭವಾಗಿ ಮೋಸಹೋಗುವಳು.

ಇನ್ನು ಲಿಖಿತ ಪರೀಕ್ಷೆಯ ವಿಚಾರ. ಪರೀಕ್ಷೆಯನ್ನು ನಾವು ಹಳಿಯುವುದಿಲ್ಲ. ಅದನ್ನೇ ಬರೆದು ನಾವು ಈ ಸ್ಥಾನಕ್ಕೆ ಬಂದವರು. ಅಂಕಿಗಳ ಪಟ್ಟಿಯೊಂದನ್ನು ಕೊಟ್ಟು, ಇವುಗಳ ಸರಾಸರಿ ಎಷ್ಟು, ಮಧ್ಯಾಂಕ ಎಷ್ಟು, ಬಹುಲಕ ಎಷ್ಟು ಎಂದು ಕೇಳಿದರೆ, ಹುಡುಗಿಯು ಸೂತ್ರವನ್ನು ನೆನಪಿಟ್ಟಿದ್ದಾಳೆಯೇ, ಕೂಡುವುದರಲ್ಲಿಯೂ ಭಾಗಿಸುವುದರಲ್ಲಿಯೂ ಕೈ ಪಳಗಿದೆಯೇ ಎಂಬುದು ಚೆನ್ನಾಗಿ ತಿಳಿಯುತ್ತದೆ. ಇದು ಅಗತ್ಯವಾದ ಸಂಗತಿಯೇ. ಆದರೆ ಲೋಕದಲ್ಲಿ ಯಾರೂ ನಮ್ಮ ಹುಡುಗಿಯರ ಎದುರಿಗೆ ಬಂದು, "ಇಲ್ಲಿ ಮಧ್ಯಾಂಕವನ್ನು ಕಂಡುಹಿಡಿ" ಎಂದು ಹೇಳುವುದಿಲ್ಲ. ಯಾವುದನ್ನು ಕಂಡುಹಿಡಿಯಬೇಕೆಂಬುದನ್ನು ಅವಳೇ ನಿಶ್ಚಯಿಸಬೇಕು. ಆ ನಿಶ್ಚಯದಲ್ಲಿಯೇ ಈ ಶಾಸ್ತ್ರದ ಜೀವವಿರುವುದು. ಪ್ರಶ್ನೆಪತ್ರಿಕೆಯಾದರೋ ಆ ನಿಶ್ಚಯವನ್ನು ಅವಳ ಪರವಾಗಿ ತಾನೇ ಮಾಡಿಬಿಟ್ಟಿರುತ್ತದೆ.

ಇದನ್ನು ನಾವು ಪುಸ್ತಕದಿಂದ ಕಲಿತದ್ದಲ್ಲ. ನಮ್ಮ ಒಂದು ತಪ್ಪಿನಿಂದ ಕಲಿತೆವು. ಕೆಲವು ವರ್ಷಗಳ ಹಿಂದೆ ಒಂಬತ್ತನೆಯ ತರಗತಿಯಲ್ಲಿ ಒಬ್ಬ ಹುಡುಗಿಯಿದ್ದಳು. ಸಂಖ್ಯಾಶಾಸ್ತ್ರದ ಕಿರುಪರೀಕ್ಷೆಗಳಲ್ಲಿ ಅವಳಿಗೆ ಬರುತ್ತಿದ್ದ ಅಂಕಗಳು ಬಹಳ ಕಡಿಮೆ. ಪ್ರಗತಿಪತ್ರದಲ್ಲಿ "ಗಣಿತದಲ್ಲಿ ಗ್ರಹಣಶಕ್ತಿ ಸಾಲದು" ಎಂದು ನಾವೇ ನಮ್ಮ ಕೈಯಿಂದ ಬರೆದೆವು. ಅದನ್ನು ಓದಿದ ಅವಳ ಮನೆಯವರು, ಹತ್ತನೆಯ ತರಗತಿಯಾದ ಮೇಲೆ ಓದು ಸಾಕೆಂದು ಮಾತನಾಡಿಕೊಂಡರೆಂಬುದು ನಮಗೆ ತರುವಾಯ ತಿಳಿಯಿತು.

ಆ ವರ್ಷ ಮಳೆಗಾಲದ ಒಂದು ಮಧ್ಯಾಹ್ನ ನಾವು ತರಗತಿಯಲ್ಲಿ ಕೂಲಿಯ ಚೀಟಿಗಳ ಆಟವನ್ನು ಆಡಿಸಿದೆವು. ಐದು ಚೀಟಿಗಳ ಮೇಲೆ ಐವರ ದಿನಗೂಲಿಯನ್ನು ಬರೆದಿದ್ದೆವು: ೩೦೦, ೩೫೦, ೪೦೦, ೪೫೦, ೫೦೦ ರೂಪಾಯಿ. ಇವುಗಳ ಸರಾಸರಿ ೪೦೦. ಸಾಲಾಗಿ ನಿಲ್ಲಿಸಿದರೆ ನಡುವಿನವನ ಕೂಲಿ, ಅಂದರೆ ಮಧ್ಯಾಂಕ, ಅದೂ ೪೦೦. ಆಮೇಲೆ ೫೦೦ರ ಚೀಟಿಯನ್ನು ತೆಗೆದು ೫,೦೦೦ರ ಚೀಟಿಯನ್ನು ಇಟ್ಟೆವು. ಈಗ ಮೊತ್ತ ೬,೫೦೦, ಸರಾಸರಿ ೧,೩೦೦. ಮಧ್ಯಾಂಕವಾದರೋ ೪೦೦ ಆಗಿಯೇ ಉಳಿಯಿತು. ಒಂದು ಪಂಗಡದವರು ಕಾರ್ಖಾನೆಯ ಒಡೆಯರು, ಇನ್ನೊಂದು ಪಂಗಡದವರು ಕೆಲಸ ಕೇಳಿಕೊಂಡು ಬಂದವರು. ಒಡೆಯರು ಒಂದೇ ಅಂಕಿಯನ್ನು ಹಲಗೆಯ ಮೇಲೆ ಬರೆದು ತಮ್ಮಲ್ಲಿ ಕೂಲಿ ಚೆನ್ನಾಗಿದೆಯೆಂದು ಸಾರಬೇಕು. ಬಂದವರು ಚೀಟಿಗಳನ್ನು ನೋಡದೆ, ಒಂದೇ ಒಂದು ಪ್ರಶ್ನೆಯನ್ನು ಕೇಳಿ, ಕೆಲಸಕ್ಕೆ ಸೇರಬಹುದೋ ಬಾರದೋ ನಿಶ್ಚಯಿಸಬೇಕು.

ಯಾವಾಗಲೂ ಪೂರ್ಣಾಂಕ ಪಡೆಯುವ ಹುಡುಗಿಯೊಬ್ಬಳು ಒಡೆಯರ ಪಂಗಡದಲ್ಲಿದ್ದಳು. ಅವಳು ಕ್ಷಣಮಾತ್ರದಲ್ಲಿ ೧,೩೦೦ ಎಂದು ಬರೆದಳು. ಕೆಳಗೆ, "ಇಲ್ಲಿ ಸಾಮಾನ್ಯವಾಗಿ ಎಲ್ಲರಿಗೂ ಇಷ್ಟು ಸಿಕ್ಕುತ್ತದೆ" ಎಂದು ಸೇರಿಸಿದಳು. ಮೋಸಮಾಡಬೇಕೆಂದು ಬರೆದದ್ದಲ್ಲ, ಹಾಗೆಯೇ ನಂಬಿ ಬರೆದದ್ದು. ಲೆಕ್ಕವು ಸರಿ, ಮಾತು ಸುಳ್ಳು. ಎದುರು ಪಂಗಡದಿಂದ ನಾವು ಗ್ರಹಣಶಕ್ತಿ ಸಾಲದೆಂದು ಬರೆದಿದ್ದ ಹುಡುಗಿಯು ಎದ್ದು, "ಐವರನ್ನೂ ಕೂಲಿಯ ಪ್ರಕಾರ ಸಾಲಾಗಿ ನಿಲ್ಲಿಸಿದರೆ ನಡುವೆ ನಿಂತವರಿಗೆ ಎಷ್ಟು?" ಎಂದು ಕೇಳಿದಳು. ಹಾಗೇಕೆ ಕೇಳಿದೆಯೆಂದು ನಾವು ವಿಚಾರಿಸಲು, "ಟೀಚರ್, ಒಬ್ಬರ ದುಡ್ಡು ಹೆಚ್ಚಿದರೆ ಸರಾಸರಿಯೂ ಹೆಚ್ಚುತ್ತದೆ. ಮಿಕ್ಕ ನಾಲ್ಕು ಮನೆಗಳ ಒಲೆ ಮೊದಲಿನಂತೆಯೇ ಇರುತ್ತದೆ" ಎಂದಳು. ತರಗತಿಯು ಸ್ತಬ್ಧವಾಯಿತು. ನಾವು ಆ ಹೊತ್ತಿನಲ್ಲಿ ಪ್ರಗತಿಪತ್ರದ ಆ ವಾಕ್ಯವನ್ನು ನೆನೆದು ನಾಚಿಕೊಂಡೆವು.

ಅವಳ ಹಳೆಯ ಉತ್ತರಪತ್ರಿಕೆಗಳನ್ನು ತಂದು ಮತ್ತೆ ನೋಡಿದೆವು. ಅವಳಿಗೆ ದಶಮಾಂಶದ ಭಾಗಾಕಾರದಲ್ಲಿ ತೊಡಕಿತ್ತು. ಮೊದಲ ಲೆಕ್ಕದಲ್ಲಿಯೇ ಸಿಕ್ಕಿಕೊಂಡು, ಉಳಿದವುಗಳಿಗೆ ಹೊತ್ತು ಸಾಲದೆ ಬಿಟ್ಟುಬಿಡುತ್ತಿದ್ದಳು. ಅವಳಿಗೆ ಬೇಕಾಗಿದ್ದದ್ದು ಕೆಲವು ವಾರಗಳ ಭಾಗಾಕಾರದ ಅಭ್ಯಾಸವೇ ಹೊರತು ನಮ್ಮ ತೀರ್ಪಲ್ಲ. ಪೂರ್ಣಾಂಕದ ಹುಡುಗಿಗಾದರೋ ಇನ್ನಷ್ಟು ಲೆಕ್ಕಗಳು ಬೇಡವಾಗಿದ್ದವು. ಒಂದು ಅಂಕಿಯು ಯಾರ ಮಾತನ್ನು ಆಡುತ್ತದೆಂದು ಯೋಚಿಸುವ ಅಭ್ಯಾಸ ಬೇಕಾಗಿತ್ತು. ಒಂದು ಗಳಿಗೆಯ ಆಟವು ಇಬ್ಬರ ಕೊರತೆಯನ್ನೂ ಬೇರೆಬೇರೆಯಾಗಿ ತೋರಿಸಿತು. ಪರೀಕ್ಷೆಯು ಒಬ್ಬಳನ್ನು ಮೇಲೆಯೂ ಇನ್ನೊಬ್ಬಳನ್ನು ಕೆಳಗೆಯೂ ಕುಳ್ಳಿರಿಸಿತ್ತು. ಇಬ್ಬರಿಗೂ ಏನು ಕಲಿಸಬೇಕೆಂಬುದನ್ನು ಮಾತ್ರ ಹೇಳಿರಲಿಲ್ಲ.

ನಾವು ಆಡಿಸುವ ಇನ್ನೊಂದು ಆಟ ಗಡಿಗೆಯದು. ಬಾಯಿ ಕಿರಿದಾದ ಗಡಿಗೆಯಲ್ಲಿ ಹುಣಸೆಬೀಜಗಳನ್ನೂ ಅವರೆಕಾಳುಗಳನ್ನೂ ಹಾಕಿರುತ್ತೇವೆ. ನೂರಕ್ಕೆ ಎಷ್ಟು ಅವರೆಕಾಳೆಂದು ಪ್ರತಿಯೊಂದು ಪಂಗಡದವರೂ ಊಹಿಸಬೇಕು. ಒಂದೊಂದು ಹಿಡಿ ತೆಗೆದು ಎಣಿಸುವುದಕ್ಕೂ ಒಂದೊಂದು ಬಿಲ್ಲೆಯನ್ನು ತೆರಬೇಕು. ಬಿಲ್ಲೆಗಳು ಸ್ವಲ್ಪವೇ ಇರುತ್ತವೆ. ಇಲ್ಲಿ ನಾವು ಕೊನೆಯ ಉತ್ತರವನ್ನು ಮಾತ್ರ ನೋಡುವುದಿಲ್ಲ. ಗಡಿಗೆಯನ್ನು ಮೊದಲು ಕಲಕಿದವಳು ಯಾರು? ಮೇಲಿನ ಪದರದಿಂದಲೇ ತೆಗೆದು ತೃಪ್ತಳಾದವಳು ಯಾರು? ಎಣಿಸಿದ ಕಾಳನ್ನು ಮತ್ತೆ ಗಡಿಗೆಗೆ ಹಾಕಬೇಕೋ ಬೇಡವೋ ಎಂದು ಕೇಳಿದವಳು ಯಾರು? "೪೦" ಎಂದು ಒಂದೇ ಅಂಕಿಯನ್ನು ಹೇಳದೆ, "೩೫ಕ್ಕೂ ೪೫ಕ್ಕೂ ನಡುವೆ ಇರಬಹುದು" ಎಂದವಳು ಯಾರು? ತಾಯಂದಿರು ಅನ್ನ ಬೆಂದಿತೋ ಎಂದು ಒಂದು ಅಗುಳನ್ನು ಹಿಸುಕಿ ನೋಡುವುದು ಎಲ್ಲರಿಗೂ ತಿಳಿದದ್ದೇ. ಕುದಿಯುವ ನೀರು ಪಾತ್ರೆಯೊಳಗಿನ ಅಕ್ಕಿಯನ್ನು ತಾನೇ ಕಲಕಿ ಒಂದೇ ಸಮನಾಗಿ ಬೇಯಿಸುವುದರಿಂದ ಒಂದು ಅಗುಳಿನ ಸಾಕ್ಷಿ ಸಾಕಾಗುತ್ತದೆ. ಕಲಕದ ಗಡಿಗೆಯಲ್ಲಿ ಆ ನ್ಯಾಯ ನಡೆಯದು. ಈ ಭೇದವನ್ನು ಹುಡುಗಿಯು ತಿಳಿದಿದ್ದಾಳೆಯೇ ಎಂಬುದು ಅವಳ ಕೈಯ ಚಲನೆಯಲ್ಲಿಯೇ ತೋರಿಬರುತ್ತದೆ; ಅದನ್ನು ಪ್ರಶ್ನೆಪತ್ರಿಕೆಯಲ್ಲಿ ಕೇಳುವ ಬಗೆ ನಮಗೆ ಇದುವರೆಗೂ ಹೊಳೆದಿಲ್ಲ.

ಈಗ ಆ ತಂದೆಯವರು ಕೇಳಿದ ಕವಡೆಯ ವಿಷಯಕ್ಕೆ ಬರೋಣ. ಚೌಕಾಬಾರದಲ್ಲಿ ನಾಲ್ಕು ಕವಡೆಗಳನ್ನು ಚೆಲ್ಲುತ್ತಾರೆ. ಒಂದು, ಎರಡು ಅಥವಾ ಮೂರು ಬಾಯಿ ಮೇಲಾಗಿ ಬಿದ್ದರೆ ಅಷ್ಟೇ ಮನೆಗಳು. ನಾಲ್ಕೂ ಬಾಯಿ ಮೇಲಾದರೆ ಚೌಕ, ಅಂದರೆ ನಾಲ್ಕು. ನಾಲ್ಕೂ ಬೋರಲಾದರೆ ಬಾರ, ಅಂದರೆ ಎಂಟು. ಕವಡೆಯು ಎರಡು ಪಕ್ಕಗಳಿಗೂ ಸಮನಾಗಿ ಬೀಳುವುದೆಂದು ಭಾವಿಸಿದರೆ ಒಟ್ಟು ೧೬ ರೀತಿಗಳುಂಟು: ಅವುಗಳಲ್ಲಿ ಬಾರಕ್ಕೆ ೧, ಒಂದಕ್ಕೆ ೪, ಎರಡಕ್ಕೆ ೬, ಮೂರಕ್ಕೆ ೪, ಚೌಕಕ್ಕೆ ೧. ಆದ್ದರಿಂದ ೪೮ ಸಲ ಚೆಲ್ಲಿದರೆ ಬಾರವು ಸುಮಾರು ೩ ಸಲ, ಎರಡು ಸುಮಾರು ೧೮ ಸಲ ಬೀಳಬೇಕು. ಆಟಕ್ಕೆ ಮುಂಚೆ ಪ್ರತಿಯೊಬ್ಬಳೂ ತನ್ನ ನಿರೀಕ್ಷೆಯನ್ನು ಕಾಗದದ ಮೇಲೆ ಬರೆದಿಡಬೇಕೆಂಬುದು ನಮ್ಮ ನಿಯಮ. ಚೆಲ್ಲಿದ ಮೇಲೆ ಬಿದ್ದದ್ದನ್ನೂ ಬರೆದದ್ದನ್ನೂ ಹೋಲಿಸಬೇಕು.

ಕವಡೆಯಾದರೋ ನಾಣ್ಯವಲ್ಲ, ಅದರ ಬೆನ್ನು ಉಬ್ಬು, ಹೊಟ್ಟೆ ಚಪ್ಪಟೆ. ಆದಕಾರಣ ಲೆಕ್ಕಕ್ಕೂ ಬಿದ್ದದ್ದಕ್ಕೂ ಅಂತರ ಬಂದರೆ ಎರಡು ಕಾರಣಗಳಿರಬಹುದು: ಅದು ಬರಿಯ ಆಕಸ್ಮಿಕವಾಗಿರಬಹುದು, ಅಥವಾ ಕವಡೆಯೇ ಒಂದು ಪಕ್ಕಕ್ಕೆ ವಾಲುವಂಥದಾಗಿರಬಹುದು. ಇವೆರಡರಲ್ಲಿ ಯಾವುದೆಂದು ಹೇಗೆ ತಿಳಿಯುವುದು? ಇದೇ ನಮ್ಮ ಪರೀಕ್ಷೆಯ ಪ್ರಶ್ನೆ. "ನನ್ನ ಅದೃಷ್ಟ ಚೆನ್ನಾಗಿತ್ತು" ಎಂದವಳು ಇನ್ನೂ ಕಲಿಯಬೇಕು. "ಇನ್ನೂ ನೂರು ಸಲ ಚೆಲ್ಲಿ ನೋಡೋಣ" ಎಂದವಳು ಕಲಿತಿದ್ದಾಳೆ. "ಒಂದೊಂದು ಕವಡೆಯನ್ನೂ ಬೇರೆಯಾಗಿ ಚೆಲ್ಲಿ, ಯಾವುದು ವಾಲುತ್ತದೆಂದು ನೋಡೋಣ" ಎಂದವಳು ನಮಗೇ ಕಲಿಸುತ್ತಾಳೆ. ಆಟದಲ್ಲಿ ಕಾಯಿಗಳನ್ನು ಮೊದಲು ಹಣ್ಣು ಮಾಡಿದವಳಿಗೆ ಚಪ್ಪಾಳೆ ಸಿಕ್ಕುತ್ತದೆ, ಅಂಕ ಸಿಕ್ಕುವುದಿಲ್ಲ. ಅಜ್ಜಿಯವರು ಆಟವನ್ನು ಕಲಿಸಿದ್ದಾರೆ, ಅದಕ್ಕೆ ನಾವು ಋಣಿಗಳು. ಆಟದೊಳಗಿನ ನಿಯಮವನ್ನು ಹುಡುಗಿಯು ಕಂಡಳೇ ಎಂಬುದನ್ನು ನೋಡುವುದು ಶಾಲೆಯ ಕೆಲಸ.

ಒಂದು ಸಲ ಸರಿಯಾದ ಉತ್ತರ ಬಂದ ಮಾತ್ರಕ್ಕೆ ತಿಳಿವಳಿಕೆ ಇದೆಯೆಂದು ನಂಬಬಹುದೇ? ಈ ಪ್ರಶ್ನೆಯನ್ನು ಸಂಖ್ಯಾಶಾಸ್ತ್ರಜ್ಞರೇ ಒಂದು ಆಟದ ರೂಪದಲ್ಲಿ ಎತ್ತಿಕೊಂಡ ಕಥೆಯು ಪ್ರಸಿದ್ಧವಾಗಿದೆ. ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ಮ್ಯೂರಿಯಲ್ ಬ್ರಿಸ್ಟಲ್ ಎಂಬ ವಿಜ್ಞಾನಿಯು, ಬಟ್ಟಲಿಗೆ ಮೊದಲು ಹಾಲು ಹಾಕಿದರೋ ಚಹಾ ಹಾಕಿದರೋ ಎಂಬುದನ್ನು ರುಚಿಯಿಂದಲೇ ಹೇಳಬಲ್ಲೆನೆಂದಳಂತೆ. ಇಂಥ ಮಾತನ್ನು ಪರೀಕ್ಷಿಸುವ ಕ್ರಮವನ್ನು ಆರ್. ಎ. ಫಿಷರ್ ೧೯೩೫ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ವಿವರಿಸಿದರು. ಎಂಟು ಬಟ್ಟಲುಗಳು, ನಾಲ್ಕಕ್ಕೆ ಹಾಲು ಮೊದಲು, ನಾಲ್ಕಕ್ಕೆ ಚಹಾ ಮೊದಲು. ಎರಡೇ ಬಟ್ಟಲುಗಳಿದ್ದರೆ ಏನೂ ತಿಳಿಯದವರೂ ಎರಡರಲ್ಲಿ ಒಂದು ಪಾಲು ಸರಿಯಾಗಿ ಹೇಳಿಬಿಡಬಹುದು. ನಾಲ್ಕಿದ್ದರೆ ಆರರಲ್ಲಿ ಒಂದು ಪಾಲು. ಎಂಟು ಬಟ್ಟಲುಗಳನ್ನೂ ಬರಿಯ ಊಹೆಯಿಂದ ಸರಿಯಾಗಿ ವಿಂಗಡಿಸುವ ಸಂಭವವು ೭೦ರಲ್ಲಿ ಒಂದು ಮಾತ್ರ. ಬಟ್ಟಲುಗಳು ಹೆಚ್ಚಿದಷ್ಟೂ ನಮ್ಮ ತೀರ್ಪು ಗಟ್ಟಿಯಾಗುತ್ತದೆ.

ಈ ಮಾತನ್ನು ನಾವು ಉಪಾಧ್ಯಾಯಿನಿಯರು ನಮ್ಮ ಕಡೆಗೇ ತಿರುಗಿಸಿಕೊಳ್ಳಬೇಕು. ವರ್ಷಕ್ಕೊಮ್ಮೆ ನಡೆಯುವ ಪರೀಕ್ಷೆಯೂ ಒಂದು ಚೆಲ್ಲು. ಒಂದು ಮಧ್ಯಾಹ್ನದ ಆಟವೂ ಒಂದು ಚೆಲ್ಲು. ಜ್ವರವಿದ್ದ ದಿನ, ಮನೆಯಲ್ಲಿ ಜಗಳವಾದ ದಿನ, ಓದಿದ್ದೇ ಪ್ರಶ್ನೆಯಾಗಿ ಬಂದ ದಿನ, ಇವೆಲ್ಲವೂ ಅಂಕವನ್ನು ಮೇಲಕ್ಕೋ ಕೆಳಕ್ಕೋ ತಳ್ಳುತ್ತವೆ. ಸಂಖ್ಯಾಶಾಸ್ತ್ರವನ್ನು ಬೋಧಿಸುತ್ತಾ, ಒಂದೇ ಚೆಲ್ಲಿನಿಂದ ಕವಡೆಯ ಗುಣವನ್ನು ನಿರ್ಣಯಿಸಬಾರದೆಂದು ಹೇಳುವ ನಾವೇ, ಒಂದೇ ಅಂಕದಿಂದ ಹುಡುಗಿಯ ಗುಣವನ್ನು ನಿರ್ಣಯಿಸಿದರೆ ನಮ್ಮ ಪಾಠವನ್ನು ನಾವೇ ಅಲ್ಲಗಳೆದಂತಾಯಿತು.

ಆಟಗಳಲ್ಲಿ ದೋಷಗಳಿಲ್ಲವೆಂದು ನಾವು ಹೇಳುವುದಿಲ್ಲ. ಪಂಗಡವಾಗಿ ಆಡುವಾಗ ಬಾಯಿ ಜೋರಿನವಳು ಮುಂದೆ ಬರುತ್ತಾಳೆ, ಮೌನಿಯು ಮರೆಯಾಗುತ್ತಾಳೆ. ಅಂಕವಿದೆಯೆಂದು ತಿಳಿದೊಡನೆ ಕೆಲವರಿಗೆ ಆಟದ ಸಂತೋಷವೇ ಹೋಗಿಬಿಡುತ್ತದೆ. ಈಚೆಗೆ ಮೊಬೈಲಿನಲ್ಲಿಯೂ ಗಣಕಯಂತ್ರದಲ್ಲಿಯೂ ಕಹೂಟ್ ಮೊದಲಾದ ರಸಪ್ರಶ್ನೆಯ ಆಟಗಳು ಬಂದಿವೆ. ಅವು ತರಗತಿಗೆ ಉತ್ಸಾಹವನ್ನು ತರುತ್ತವೆಂಬುದು ನಿಜ. ಆದರೆ ಅವುಗಳಲ್ಲಿ ಸಾಮಾನ್ಯವಾಗಿ ಬೇಗನೆ ಉತ್ತರಿಸಿದವರಿಗೆ ಹೆಚ್ಚು ಅಂಕ. ನಾಲ್ಕು ಉತ್ತರಗಳಲ್ಲಿ ಒಂದನ್ನು ಕಣ್ಣುಮುಚ್ಚಿ ಒತ್ತಿದವಳಿಗೂ ನಾಲ್ಕರಲ್ಲಿ ಒಂದು ಪಾಲು ಸರಿಯಾಗುವ ಸಂಭವವುಂಟು. ಸಂಖ್ಯಾಶಾಸ್ತ್ರವು ಮನುಷ್ಯನಿಗೆ ಕಲಿಸುವ ಮುಖ್ಯ ಗುಣ ತಡೆದು ಯೋಚಿಸುವುದು. ಅದನ್ನು ಓಟದ ಪಂದ್ಯದಿಂದ ಅಳೆಯುವುದು ನಮಗೆ ಸರಿತೋರುವುದಿಲ್ಲ. ಅಂಥ ಆಟಗಳನ್ನು ಪಾಠದ ಮನನಕ್ಕಾಗಿ ಇಟ್ಟುಕೊಂಡಿದ್ದೇವೆ, ಅಂಕಕ್ಕಾಗಿ ಅಲ್ಲ.

ಈ ದೋಷಗಳನ್ನು ನಿವಾರಿಸುವುದಕ್ಕಾಗಿ ನಾವು ಕೆಲವು ಕಟ್ಟುಗಳನ್ನು ಮಾಡಿಕೊಂಡಿದ್ದೇವೆ. ಯಾವ ಅಂಶಗಳನ್ನು ನೋಡಬೇಕೆಂದು ಉಪಾಧ್ಯಾಯಿನಿಯು ಆಟಕ್ಕೆ ಮುಂಚೆಯೇ ಬರೆದಿಟ್ಟುಕೊಂಡು, ಹುಡುಗಿಯರಿಗೂ ಓದಿಹೇಳಬೇಕು. ಆಟ ಪಂಗಡವಾಗಿ ನಡೆದರೂ, ಊಹೆಯನ್ನೂ ಕಾರಣವನ್ನೂ ಪ್ರತಿಯೊಬ್ಬಳೂ ತನ್ನ ಪುಸ್ತಕದಲ್ಲಿ ತಾನೇ ಮೂರು ನಾಲ್ಕು ಸಾಲು ಬರೆಯಬೇಕು. ಮೌನಿಯ ಬುದ್ಧಿಯು ಅಲ್ಲಿ ಬೆಳಕಿಗೆ ಬರುತ್ತದೆ. ಸೋಲುಗೆಲವುಗಳನ್ನು ಲೆಕ್ಕಕ್ಕೆ ಹಿಡಿಯಬಾರದು. ಒಂದೇ ಆಟದಿಂದ ಯಾರನ್ನೂ ತೂಗಬಾರದು. ವರ್ಷದಲ್ಲಿ ಹಲವು ಸಲ, ಹಲವು ಬಗೆಯ ಆಟಗಳನ್ನು ಆಡಿಸಬೇಕು. ಕಡೆಯದಾಗಿ, ಆಟದಲ್ಲಿ ಕಂಡ ಕೊರತೆಯನ್ನು ಮುಂದಿನ ವಾರದ ಪಾಠದಲ್ಲಿ ತಿದ್ದಬೇಕು. ತಿದ್ದದಿದ್ದರೆ ಅಳೆದು ಪ್ರಯೋಜನವಿಲ್ಲ.

ಇದರಿಂದ ಹತ್ತನೆಯ ತರಗತಿಯ ಪರೀಕ್ಷೆಗೆ ಹಾನಿಯಾಗುವುದೆಂದು ಭಯಪಡಬೇಕಾಗಿಲ್ಲ. ಲಿಖಿತ ಪರೀಕ್ಷೆಯು ತನ್ನ ಸ್ಥಾನದಲ್ಲಿಯೇ ಇದೆ. ಅದಕ್ಕೆ ಬೇಕಾದ ಅಭ್ಯಾಸವನ್ನು ನಾವು ಒಂದು ದಿನವೂ ಬಿಟ್ಟಿಲ್ಲ. ಆಂತರಿಕ ಮೌಲ್ಯಮಾಪನಕ್ಕೆಂದು ಶಾಲೆಯ ಕೈಯಲ್ಲಿಯೇ ಬಿಟ್ಟಿರುವ ಅಂಕಗಳ ಒಂದು ಭಾಗಕ್ಕೆ ಮಾತ್ರ ಈ ಆಟಗಳನ್ನು ಉಪಯೋಗಿಸುತ್ತೇವೆ. ಬಾಯಿಪಾಠವನ್ನಲ್ಲದೆ ಗ್ರಹಿಕೆಯನ್ನೂ ಸಾಮರ್ಥ್ಯವನ್ನೂ ಅಳೆಯಬೇಕೆಂದು ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಹೇಳಿದೆ. ಹೇಳುವುದು ಸುಲಭ, ನಡೆಸುವುದು ಕಷ್ಟ. ಐವತ್ತು ಹುಡುಗಿಯರ ತರಗತಿಯಲ್ಲಿ ಒಬ್ಬ ಉಪಾಧ್ಯಾಯಿನಿಯು ಆಡಿಸಬೇಕು, ನೋಡಬೇಕು, ಬರೆದುಕೊಳ್ಳಬೇಕು, ಐವತ್ತು ಪುಸ್ತಕಗಳನ್ನೂ ಓದಬೇಕು. ಈ ಶ್ರಮವನ್ನು ಗೊಣಗದೆ ಹೊತ್ತಿರುವ ನಮ್ಮ ಗಣಿತದ ಉಪಾಧ್ಯಾಯಿನಿಯರನ್ನು ಇಲ್ಲಿ ಸ್ಮರಿಸುವುದು ನಮ್ಮ ಕರ್ತವ್ಯ.

ಪಾಲಕರಲ್ಲಿ ನಮ್ಮ ಬಿನ್ನಹವಿಷ್ಟೇ. ಮಗಳು ಮನೆಗೆ ಬಂದಾಗ "ಎಷ್ಟು ಅಂಕ?" ಎಂದು ಕೇಳಿರಿ, ಕೇಳುವುದು ಸಹಜ. ಅದರ ಜೊತೆಯಲ್ಲಿ "ಹೇಗೆ ತಿಳಿಯಿತು?" ಎಂದೂ ಕೇಳಿರಿ. ಎರಡನೆಯ ಪ್ರಶ್ನೆಗೆ ಅವಳು ಕೊಡುವ ಉತ್ತರವು ಮೊದಲನೆಯದಕ್ಕಿಂತ ಹೆಚ್ಚು ಕಾಲ ಬಾಳುತ್ತದೆ. ಪ್ರಗತಿಪತ್ರವನ್ನು ನೋಡಿ ಅವಳ ಮುಂದಿನ ಜೀವನವನ್ನು ಅಂದೇ ನಿಶ್ಚಯಿಸಬೇಡಿರಿ. ಅದರಲ್ಲಿ ಬರೆದವರೂ ತಪ್ಪಬಲ್ಲರೆಂಬುದಕ್ಕೆ ನಾವೇ ಸಾಕ್ಷಿ. ಮೇಲೆ ಹೇಳಿದ ಹುಡುಗಿಯ ಪತ್ರದಲ್ಲಿ ನಾವು ಬರೆದಿದ್ದ ವಾಕ್ಯವನ್ನು ಕೆಂಪು ಶಾಯಿಯಿಂದ ಹೊಡೆದುಹಾಕಿ, "ಭಾಗಾಕಾರದಲ್ಲಿ ಅಭ್ಯಾಸ ಬೇಕು; ವಿಚಾರಶಕ್ತಿ ಉತ್ತಮ" ಎಂದು ಬರೆದು, ಅವಳ ತಾಯಿಯನ್ನು ಕರೆಯಿಸಿ ನಮ್ಮ ಬಾಯಿಂದಲೇ ಓದಿಹೇಳಿದೆವು. ಹುಡುಗಿಯು ಓದನ್ನು ಮುಂದುವರಿಸಿದಳು.

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಆಸ್ಪತ್ರೆಗಳಲ್ಲಿಯೂ ಬ್ಯಾಂಕುಗಳಲ್ಲಿಯೂ ಕಚೇರಿಗಳಲ್ಲಿಯೂ ದಿನವೂ ಅಂಕಿಗಳೊಡನೆ ವ್ಯವಹರಿಸುವವರು ಅನೇಕರಿದ್ದೀರಿ. ನಿಮ್ಮ ಕೆಲಸದಲ್ಲಿ ಕಂಡ ನಿಜವಾದ ಸಮಸ್ಯೆಗಳನ್ನು ನಮಗೆ ಬರೆದು ಕಳುಹಿಸಿದರೆ ಅವುಗಳನ್ನು ಹೊಸ ಆಟಗಳನ್ನಾಗಿ ಮಾಡಿಕೊಳ್ಳುವೆವು. ಇನ್ನು ಆ ತಂದೆಯವರಲ್ಲಿ ಒಂದು ಕೋರಿಕೆ: ಮುಂದಿನ ಪಾಲಕರ ಸಭೆಗೆ ಬರುವಾಗ ದಯವಿಟ್ಟು ಅಜ್ಜಿಯವರನ್ನೂ ಕರೆತರಬೇಕು. ಅವರ ಕವಡೆಗಳು ಬಹುಕಾಲ ಆಡಿ ಸವೆದವುಗಳಾಗಿರಬೇಕು. ಅವು ಯಾವ ಪಕ್ಕಕ್ಕೆ ವಾಲುತ್ತವೆಂದು ನಮ್ಮ ಹುಡುಗಿಯರು ಎಣಿಸಿ ನೋಡಬೇಕೆಂದಿದ್ದಾರೆ.